ಕೇಳಿದವನೂ ಹೇಳಿದವನೂ

ಹಿತೋಪದೇಶದ ಸಾಹಿತ್ಯವು ಕನ್ನಡ ವಾಚಕರಿಗೆ ಹೊಸದಲ್ಲ. ಸೋಮೇಶ್ವರ ಶತಕವನ್ನು ಬಾಯಿಪಾಠ ಮಾಡದೆ ಹಿಂದಿನ ತಲೆಮಾರಿನವರ ಮನೆಗಳಲ್ಲಿ ವಿದ್ಯಾಭ್ಯಾಸವು ಮುಂದುವರಿಯುತ್ತಿರಲಿಲ್ಲ. ಕಾವ್ಯಗಳ ನಡುವೆ ಬರುವ ರಾಜನೀತಿಯ ಪ್ರಕರಣಗಳಿಗಂತೂ ಲೆಕ್ಕವೇ ಇಲ್ಲ. ಆದರೆ ಇವೆಲ್ಲವುಗಳಲ್ಲಿ ಹೇಳುವವನ ಧ್ವನಿ ಮಾತ್ರ ಕೇಳಿಬರುತ್ತದೆ. ಕೇಳುವವನು ತಲೆಬಾಗಿ ಕುಳಿತಿರುತ್ತಾನೆ. ಆ ಮಾತು ಅವನಿಗೆ ಬೇಕಾಗಿತ್ತೇ, ಮರುದಿನ ಬೆಳಗ್ಗೆ ಎದ್ದು ಅದನ್ನು ಅವನು ಏನು ಮಾಡಿದನು ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಜರ್ಮನ್ ಕವಿ ರೈನರ್ ಮರಿಯಾ ರಿಲ್ಕೆಯು 'ತರುಣ ಕವಿಯೊಬ್ಬನಿಗೆ' ಬರೆದ ಹತ್ತು ಪತ್ರಗಳ ಗ್ರಂಥವು ಈ ದೃಷ್ಟಿಯಿಂದ ವಿಶೇಷ ಪರೀಕ್ಷೆಗೆ ಯೋಗ್ಯವಾಗಿದೆ. ಇಲ್ಲಿ ಹಿತವಚನವನ್ನು ಒಬ್ಬನು ತಾನಾಗಿ ಬೇಡಿದನು. ಬೇಡಿದವನು ಮುಂದೆ ಏನಾದನು ಎಂಬುದೂ ತಿಳಿದಿದೆ.

ಬೇಡಿದವನ ಹೆಸರು ಫ್ರಾನ್ಸ್ ಕ್ಸೇವರ್ ಕಪ್ಪುಸ್. ಅವನು ೧೮೮೩ರಲ್ಲಿ ಟೆಮೆಶ್ವಾರ್ ನಗರದಲ್ಲಿ ಹುಟ್ಟಿದವನು. ೧೯೦೨ರ ಶರತ್ಕಾಲದಲ್ಲಿ ವೀನರ್ ನೋಯ್‌ಶ್ಟಾಟ್ ಎಂಬಲ್ಲಿನ ಸೈನಿಕ ವಿದ್ಯಾಲಯದಲ್ಲಿ ಅಧಿಕಾರಿಯ ಶಿಕ್ಷಣವನ್ನು ಪಡೆಯುತ್ತಿದ್ದನು. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮುಂದೆ ಹಿಡಿಯಬೇಕಾಗಿದ್ದ ವೃತ್ತಿಯು ತನ್ನ ಒಲವುಗಳಿಗೆ ನೇರ ವಿರುದ್ಧವಾದುದೆಂದು ಅವನ ಮನಸ್ಸಿಗೆ ತೋರುತ್ತಿತ್ತು. ವಿದ್ಯಾಲಯದ ಉದ್ಯಾನದಲ್ಲಿ ಮರದಡಿಯಲ್ಲಿ ಕುಳಿತು ರಿಲ್ಕೆಯ ಕವಿತೆಗಳನ್ನು ಓದುತ್ತಿದ್ದಾಗ, ಅಲ್ಲಿನ ಅಧ್ಯಾಪಕನಾದ ಹೊರಾಚೆಕ್ ಎಂಬ ಪಾದ್ರಿಯು ಬಂದು ಪುಸ್ತಕವನ್ನು ಕೈಗೆತ್ತಿಕೊಂಡು, "ಹಾಗಾದರೆ ಆ ಹುಡುಗ ಕವಿಯಾದನೇ!" ಎಂಬ ಭಾವದಿಂದ ತಲೆದೂಗಿದನು. ಸುಮಾರು ಹದಿನೈದು ವರುಷಗಳ ಹಿಂದೆ ಸಾಂಕ್ಟ್ ಪೋಲ್ಟೆನ್ನಿನ ಸೈನಿಕ ಬಾಲಪಾಠಶಾಲೆಯಲ್ಲಿ ರಿಲ್ಕೆಯು ಅವನ ಶಿಷ್ಯನಾಗಿದ್ದನು. ಮೌನಿ, ಗಂಭೀರ, ದುರ್ಬಲ ದೇಹದ ಹುಡುಗ. ಆರೋಗ್ಯವು ತಾಳದೆ ತಂದೆತಾಯಿಗಳು ಅವನನ್ನು ಸೈನಿಕ ಶಿಕ್ಷಣದಿಂದ ಬಿಡಿಸಿಕೊಂಡು ಹೋದರು.

ಈ ಮಾತನ್ನು ಕೇಳಿದೊಡನೆ ಕಪ್ಪುಸನಿಗೆ ಏನೆನಿಸಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ತಾನು ಕುಳಿತಿರುವ ಬೆಂಚಿನ ಮೇಲೆಯೇ ಹಿಂದೆ ಕುಳಿತಿದ್ದವನೊಬ್ಬನು ಬಾಗಿಲು ತೆರೆದುಕೊಂಡು ಹೊರಗೆ ಹೋಗಿದ್ದಾನೆ! ಅವನು ತನ್ನ ಪದ್ಯಗಳನ್ನೂ ಜತೆಗೊಂದು ಪತ್ರವನ್ನೂ ಕಳುಹಿಸಿದನು. ಆ ಪತ್ರದಲ್ಲಿ ಹಿಂದೆ ಯಾರಿಗೂ ತೋರದ, ಮುಂದೆಯೂ ಯಾರಿಗೂ ತೋರದಿದ್ದ ತನ್ನ ಅಂತರಂಗವನ್ನು ಬಿಚ್ಚಿಟ್ಟೆನೆಂದು ಅವನೇ ಮುನ್ನುಡಿಯಲ್ಲಿ ತಿಳಿಸಿದ್ದಾನೆ. ವಾರಗಳು ಕಳೆದ ಮೇಲೆ ಪ್ಯಾರಿಸಿನ ಮುದ್ರೆಯುಳ್ಳ ಲಕೋಟೆಯೊಂದು ಬಂದಿತು. ಅದರಲ್ಲಿದ್ದುದು ೧೯೦೩ನೆಯ ಫೆಬ್ರವರಿ ೧೭ರ ಪತ್ರ. ಅದನ್ನು ಬರೆದ ಗುರುವಿನ ವಯಸ್ಸು ಇಪ್ಪತ್ತೇಳು! ಈ ಅಂಶವನ್ನು ಮರೆತು ಗ್ರಂಥವನ್ನು ಓದುವವರು ಗಡ್ಡ ನೆರೆತ ಋಷಿಯೊಬ್ಬನ ಚಿತ್ರವನ್ನು ಕಲ್ಪಿಸಿಕೊಂಡುಬಿಡುತ್ತಾರೆ.

ಮೊದಲನೆಯ ಪತ್ರವೇ ಎಲ್ಲರಿಗೂ ಗೊತ್ತಿರುವ ಪತ್ರ. ಯಾರೂ ಯಾರಿಗೂ ಸಲಹೆ ಕೊಡಲಾರರು, ಸಹಾಯ ಮಾಡಲಾರರು ಎಂದು ರಿಲ್ಕೆಯು ಅದರಲ್ಲಿ ಸಾರುತ್ತಾನೆ. ಪದ್ಯಗಳು ಚೆನ್ನಾಗಿವೆಯೇ ಎಂದು ಪತ್ರಿಕೆಗಳನ್ನು ಕೇಳುವುದನ್ನೂ ಇತರರ ಪದ್ಯಗಳೊಡನೆ ಹೋಲಿಸುವುದನ್ನೂ ಬಿಟ್ಟು ಒಳಹೊಕ್ಕು ನೋಡಿಕೊಳ್ಳಬೇಕು. ನಡುರಾತ್ರಿಯ ಅತ್ಯಂತ ನಿಶ್ಶಬ್ದವಾದ ಗಳಿಗೆಯಲ್ಲಿ 'ಬರೆಯಲೇಬೇಕೇ?' ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಬರೆಯುವುದನ್ನು ತಪ್ಪಿಸಿದರೆ ಸಾಯಬೇಕಾದೀತೇ ಎಂಬುದನ್ನು ಪರೀಕ್ಷಿಸಿಕೊಳ್ಳಬೇಕು. ಬರೆಯದೆಯೂ ಬದುಕಬಲ್ಲೆನೆಂದು ತೋರಿದರೆ ಬರೆಯುವ ಹಕ್ಕೇ ಇಲ್ಲ. ಇದು ಆ ಪತ್ರದ ಸಾರಾಂಶ. ಭಾಷಾಂತರದಲ್ಲಿಯೂ ಇದರ ಘನತೆಯು ಅಳಿಯುವುದಿಲ್ಲ. ಬೇಡಿದವನ ಪಾತ್ರೆಗೆ ಬೇರೆಯವರ ಅನ್ನವನ್ನು ಹಾಕದೆ, ಅವನ ಮನೆಯಲ್ಲಿಯೇ ಬೆಂಕಿಯಿದೆಯೇ ನೋಡಿಕೊಳ್ಳೆಂದು ಹೇಳುವ ಧೈರ್ಯವು ಉಪದೇಶಕರಲ್ಲಿ ದುರ್ಲಭವಾದುದು.

ಆದರೂ ಇಲ್ಲಿ ಒಂದು ತೊಡಕಿದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ನಡುರಾತ್ರಿಯಲ್ಲಿ, ಒಂಟಿಯಾಗಿ, 'ಇದಿಲ್ಲದೆ ಸತ್ತೇನೇ?' ಎಂದು ಕೇಳಿಕೊಂಡ ತರುಣರಲ್ಲಿ 'ಇಲ್ಲ' ಎಂದು ಉತ್ತರ ಪಡೆದವರು ಎಷ್ಟು ಮಂದಿ ಇದ್ದಾರು? ಆ ವಯಸ್ಸಿನಲ್ಲಿ ಎಲ್ಲವೂ ಪ್ರಾಣದ ಪ್ರಶ್ನೆಯೇ. ತೂಕವನ್ನು ಅರಿಯಲು ಕೊಟ್ಟ ತಕ್ಕಡಿಯು ಯಾವ ವಸ್ತುವನ್ನಿಟ್ಟರೂ ಒಂದೇ ಕಡೆಗೆ ವಾಲುವಂತಹದಾದರೆ ಅದರಿಂದ ಪ್ರಯೋಜನವೇನು? ಇದಲ್ಲದೆ, ಕಪ್ಪುಸನು ಕೇಳಿದ್ದುದು ಪದ್ಯಗಳ ಗುಣವನ್ನಷ್ಟೇ ಅಲ್ಲ. ಯಾವ ಬಾಳನ್ನು ಹಿಡಿಯಲಿ ಎಂಬುದು ಅದರ ಹಿಂದಿದ್ದ ಪ್ರಶ್ನೆ. ಸಮವಸ್ತ್ರವನ್ನು ಧರಿಸಿ ಸಂಬಳವನ್ನು ಪಡೆಯುವುದೇ, ಅಥವಾ ಅದನ್ನು ಕಳಚಿ ಬೀದಿಗಿಳಿಯುವುದೇ ಎಂಬುದಕ್ಕೆ ಮೊದಲನೆಯ ಪತ್ರದಲ್ಲಿ ಒಂದಕ್ಷರದ ಉತ್ತರವೂ ಇಲ್ಲ. ಸಲಹೆ ಕೊಡಲಾರೆನೆಂದು ಹೇಳಿದವನು ಪದ್ಯಗಳ ವಿಷಯದಲ್ಲಿ ಮಾತ್ರ ತೀರ್ಪು ಕೊಟ್ಟೇಬಿಡುತ್ತಾನೆ: ಅವುಗಳಿಗೆ ಸ್ವಂತ ಶೈಲಿಯಿಲ್ಲ, 'ನನ್ನ ಆತ್ಮ' ಎಂಬ ಕೊನೆಯ ಪದ್ಯದಲ್ಲಿಯೂ ಲಿಯೊಪಾರ್ಡಿ ಕವಿಯನ್ನು ಕುರಿತ ಪದ್ಯದಲ್ಲಿಯೂ ಸ್ವಂತವಾದುದೇನೋ ಮೊಳೆಯುತ್ತಿದೆ. ವಿಮರ್ಶೆಯು ನಿಷ್ಪ್ರಯೋಜಕವೆಂದು ಹೇಳಿ ಅದೇ ಉಸಿರಿನಲ್ಲಿ ಒಳ್ಳೆಯ ವಿಮರ್ಶೆಯನ್ನು ಬರೆದಿರುವುದು ಒಂದು ವಿನೋದ.

ಎರಡನೆಯ ಮತ್ತು ಮೂರನೆಯ ಪತ್ರಗಳು ಇಟಲಿಯ ವಿಯಾರೆಜ್ಜೊ ಎಂಬ ಕಡಲತೀರದ ಊರಿನಿಂದ ಬಂದವು. ಅವುಗಳಲ್ಲಿ ಡೇನಿಷ್ ಲೇಖಕನಾದ ಯಾಕೋಬ್‌ಸನ್ನನ ಕಥೆಗಳನ್ನು ಓದೆಂಬ ಮಾತೂ ಶಿಲ್ಪಿ ರೊದಾನನ ಪ್ರಶಂಸೆಯೂ ಇವೆ. ತನ್ನ ಪುಸ್ತಕಗಳನ್ನು ಕಳುಹಿಸಿಕೊಡುವಷ್ಟು ಹಣವೂ ತನ್ನಲ್ಲಿಲ್ಲವೆಂದು ರಿಲ್ಕೆಯು ತಿಳಿಸುವ ಸಾಲುಗಳು ಇವೆರಡಕ್ಕಿಂತಲೂ ಹೆಚ್ಚು ಮನಸ್ಸಿನಲ್ಲಿ ನಿಲ್ಲುತ್ತವೆ. 'ಬರೆಯಲೇಬೇಕು' ಎಂದು ನಿಶ್ಚಯಿಸಿಕೊಂಡವನ ಸಂಸಾರವು ಹೇಗಿರುತ್ತದೆಂಬುದನ್ನು ಆ ತರುಣನು ಅಲ್ಲಿ ನೋಡಬಹುದಾಗಿತ್ತು.

ನಾಲ್ಕನೆಯ ಪತ್ರವು ಗ್ರಂಥದ ಹೃದಯ. ಅದು ಉತ್ತರ ಜರ್ಮನಿಯ ವೋರ್ಪ್ಸ್‌ವೇಡೆ ಎಂಬ ಹಳ್ಳಿಯಿಂದ ೧೯೦೩ನೆಯ ಜುಲೈ ೧೬ರಂದು ಬರೆದದ್ದು. ಬಗೆಹರಿಯದ ಪ್ರಶ್ನೆಗಳ ವಿಷಯದಲ್ಲಿ ತಾಳ್ಮೆಯಿಂದಿರಬೇಕು, ಬೀಗ ಹಾಕಿದ ಕೋಣೆಗಳನ್ನೂ ತಿಳಿಯದ ಭಾಷೆಯ ಗ್ರಂಥಗಳನ್ನೂ ಪ್ರೀತಿಸುವಂತೆ ಆ ಪ್ರಶ್ನೆಗಳನ್ನೇ ಪ್ರೀತಿಸಬೇಕು, ಉತ್ತರಗಳನ್ನು ಈಗಲೇ ಹುಡುಕಬಾರದು, ಪ್ರಶ್ನೆಗಳನ್ನು ಬಾಳಿದರೆ ಎಂದಾದರೊಂದು ದಿನ ತಿಳಿಯದಂತೆಯೇ ಉತ್ತರದೊಳಕ್ಕೆ ಬಂದು ಸೇರಬಹುದು ಎಂಬುದು ಅದರ ಅಭಿಪ್ರಾಯ. ಇಷ್ಟು ಶಾಂತವಾದ ಧ್ವನಿಯನ್ನು ಕೇಳಿದವರಿಗೆ, ಬರೆದವನು ತನ್ನ ಪ್ರಶ್ನೆಗಳನ್ನೆಲ್ಲ ಬಾಳಿ ಮುಗಿಸಿ ದಡದ ಮೇಲೆ ಕುಳಿತಿದ್ದಾನೆಂದು ತೋರುವುದು ಸಹಜ.

ಆದರೆ ಅದೇ ಹಳ್ಳಿಯಿಂದ, ಎರಡೇ ದಿನಗಳ ತರುವಾಯ, ಜುಲೈ ೧೮ರಂದು, ರಿಲ್ಕೆಯು ಮತ್ತೊಂದು ದೀರ್ಘ ಪತ್ರವನ್ನು ಬರೆದನು. ಅದು ಹೋದದ್ದು ಅವನಿಗಿಂತ ಹದಿನಾಲ್ಕು ವರುಷ ಹಿರಿಯಳೂ ಅವನ ಬಾಳಿನ ದೊಡ್ಡ ಮಾರ್ಗದರ್ಶಕಳೂ ಆದ ಲೂ ಆಂಡ್ರೆಯಾಸ್ ಸಲೊಮೆಗೆ. ಪ್ಯಾರಿಸಿನ ಅನುಭವವು ತನಗೆ ಹಿಂದಿನ ಸೈನಿಕ ಪಾಠಶಾಲೆಯ ಅನುಭವದಂತೆಯೇ ಇತ್ತೆಂದೂ, ಬಾಲ್ಯದಲ್ಲಿ ಹಿಡಿದಿದ್ದ ಭೀತಿಯೇ ಅಲ್ಲಿನ ಬೀದಿಗಳಲ್ಲಿ ಮತ್ತೆ ಹಿಡಿಯಿತೆಂದೂ ಅವನು ಅದರಲ್ಲಿ ತೋಡಿಕೊಂಡಿದ್ದಾನೆ. ಅದಕ್ಕೆ ಕೆಲವು ವಾರಗಳ ಮುಂಚೆ, ಎರಡು ವರುಷಗಳಿಗೂ ಮಿಕ್ಕಿದ ಮೌನವನ್ನು ಮುರಿದು, ಆಶ್ರಯವನ್ನು ಬೇಡುವವನಂತೆ ಆಕೆಗೆ ಬರೆದಿದ್ದನು.

ಈ ಎರಡು ಪತ್ರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಓದದಿದ್ದರೆ ಗ್ರಂಥದ ತಿರುಳು ಕೈಗೆ ಸಿಗುವುದಿಲ್ಲ. ಸೈನಿಕ ವಿದ್ಯಾಲಯದಲ್ಲಿ ಕುಳಿತು ದಾರಿ ಕೇಳಿದ ಹುಡುಗನಿಗೆ, ಸೈನಿಕ ಪಾಠಶಾಲೆಯ ಭೀತಿಯಿಂದ ಇನ್ನೂ ಬಿಡುಗಡೆ ಹೊಂದದ ಮನುಷ್ಯನು ತಾಳ್ಮೆಯನ್ನು ಬೋಧಿಸುತ್ತಿದ್ದಾನೆ. ಎರಡು ದಿನಗಳಾದ ಮೇಲೆ ತಾನೇ ಬೇರೊಬ್ಬರ ಬಾಗಿಲಿನಲ್ಲಿ ನಿಂತು ದಾರಿ ಕೇಳುತ್ತಿದ್ದಾನೆ. ಇದನ್ನು ಕಪಟವೆಂದು ಕರೆಯುವವರಿದ್ದಾರೆ. ಅದು ಅವಸರದ ತೀರ್ಪು. ಹುಡುಗನಿಗೆ ಕೊಟ್ಟ ಮಾತು ಬರೆದವನಿಗೇ ಬೇಕಾಗಿದ್ದ ಮಾತು. ತನಗೆ ಹೇಳಿಕೊಂಡರೆ ನಂಬಿಕೆ ಹುಟ್ಟದೆ ಇನ್ನೊಬ್ಬನಿಗೆ ಹೇಳಿ ಕೇಳಿಸಿಕೊಂಡಂತೆ ಇದೆ. ರಿಲ್ಕೆಯು ಇದನ್ನು ಮುಚ್ಚಿಡಲೂ ಇಲ್ಲ. ೧೯೦೪ನೆಯ ಆಗಸ್ಟಿನಲ್ಲಿ ಸ್ವೀಡನ್ನಿನಿಂದ ಬರೆದ ಎಂಟನೆಯ ಪತ್ರದ ಕೊನೆಯಲ್ಲಿ, ನಿನ್ನನ್ನು ಸಂತೈಸುತ್ತಿರುವವನು ಈ ಸರಳವಾದ ಮಾತುಗಳ ನಡುವೆ ನಿರಾತಂಕವಾಗಿ ಬಾಳುತ್ತಿದ್ದಾನೆಂದು ಭಾವಿಸಬೇಡ, ಅವನ ಬಾಳು ಕಷ್ಟಗಳಿಂದ ತುಂಬಿದೆ, ಇಲ್ಲದಿದ್ದರೆ ಈ ಮಾತುಗಳು ಅವನಿಗೆ ಸಿಗುತ್ತಲೇ ಇರಲಿಲ್ಲ ಎಂಬ ಅರ್ಥವನ್ನು ಸ್ಪಷ್ಟವಾಗಿ ಹೇಳಿದ್ದಾನೆ.

ಇಂತಹ ಒಪ್ಪಿಗೆಯು ಭಾರತೀಯ ಸಂಪ್ರದಾಯಕ್ಕೆ ಹೊರಗಿನದೆಂದು ಎಣಿಸಬೇಕಾಗಿಲ್ಲ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವೇದಾಧ್ಯಯನವನ್ನು ಮುಗಿಸಿ ಗೃಹಸ್ಥಾಶ್ರಮಕ್ಕೆ ಹೊರಟ ಶಿಷ್ಯನಿಗೆ ಆಚಾರ್ಯನು ಕೊಡುವ ಅನುಶಾಸನವನ್ನು ಎಲ್ಲರೂ ಬಲ್ಲರು. ಸತ್ಯವನ್ನು ನುಡಿ, ಧರ್ಮವನ್ನು ಆಚರಿಸು ಎಂಬ ಮೊದಲಿನ ಭಾಗವು ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವುದರಿಂದ ನಡುವಿನ ಒಂದು ಮಾತು ಮರೆಗೆ ಸರಿದಿದೆ. ನಮ್ಮಲ್ಲಿರುವ ಒಳ್ಳೆಯ ನಡತೆಗಳನ್ನು ಮಾತ್ರ ಅನುಸರಿಸು, ಮಿಕ್ಕವನ್ನಲ್ಲ ಎಂದು ಆಚಾರ್ಯನು ಹೇಳುತ್ತಾನೆ. ತನ್ನಲ್ಲಿ ಅನುಸರಿಸಬಾರದುದೂ ಉಂಟೆಂದು ಗುರುವೇ ಒಪ್ಪಿಕೊಂಡ ಸ್ಥಳವಿದು. ಮುಂದೆ, ಮಾಡಬೇಕಾದುದರಲ್ಲಿ ಸಂದೇಹವು ಹುಟ್ಟಿದರೆ ನೀನಿರುವ ಊರಿನಲ್ಲಿ ವಿಚಾರವಂತರೂ ಕಾಠಿನ್ಯವಿಲ್ಲದವರೂ ಆದ ಬ್ರಾಹ್ಮಣರು ಹೇಗೆ ನಡೆಯುವರೋ ಹಾಗೆ ನಡೆ ಎನ್ನುತ್ತಾನೆ. ರಿಲ್ಕೆಯೂ ಆಚಾರ್ಯನೂ ಬೇರೆಯಾಗುವುದು ಇಲ್ಲಿಯೇ. ಸಂದೇಹ ಬಂದರೆ ಒಳಕ್ಕೆ ಹೋಗೆಂದು ಒಬ್ಬನು, ನೆರೆಯವರನ್ನು ನೋಡೆಂದು ಇನ್ನೊಬ್ಬನು. ಉಪನಿಷತ್ತಿನ ಶಿಷ್ಯನಿಗೆ ಸುತ್ತಲೂ ಒಂದು ಸಮಾಜವಿದೆ. ಕಪ್ಪುಸನಿಗೆ ಇದ್ದುದು ಅಂಚೆಯವನೊಬ್ಬನೇ.

ಬಾಣನ ಕಾದಂಬರಿಯಲ್ಲಿ ಬರುವ ಶುಕನಾಸನ ಉಪದೇಶವನ್ನು ಇದರೊಡನೆ ಹೋಲಿಸಿದರೆ ಮತ್ತೊಂದು ಸೂಕ್ಷ್ಮವು ಹೊಳೆಯುತ್ತದೆ. ನಾಗವರ್ಮನ ಕರ್ಣಾಟಕ ಕಾದಂಬರಿಯ ಮೂಲಕ ಈ ಕಥೆಯು ಕನ್ನಡಿಗರದೂ ಆಗಿದೆ. ಯೌವರಾಜ್ಯಾಭಿಷೇಕಕ್ಕೆ ಮುಂಚೆ ತನ್ನನ್ನು ಕಾಣಬಂದ ಚಂದ್ರಾಪೀಡನಿಗೆ ಮುದಿ ಮಂತ್ರಿಯು ಯೌವನದ ಕತ್ತಲೆಯನ್ನೂ ಲಕ್ಷ್ಮಿಯ ಚಾಂಚಲ್ಯವನ್ನೂ ಹೊಗಳುಭಟ್ಟರ ಮೋಸವನ್ನೂ ವರ್ಣಿಸುವ ಆ ಗದ್ಯವು ಸಂಸ್ಕೃತಕ್ಕೇ ಒಂದು ಆಭರಣ. ರಾಜಕುಮಾರನು ಮಿಂದು ಮಡಿಯಾದವನಂತೆ ಎದ್ದು ಹೋಗುತ್ತಾನೆ. ಆದರೆ ಮುಂದೆ ನಡೆದುದೇನು? ಅವನನ್ನು ಹಿಡಿದದ್ದು ಲಕ್ಷ್ಮಿಯೂ ಅಲ್ಲ, ಹೊಗಳುಭಟ್ಟರೂ ಅಲ್ಲ. ದಿಗ್ವಿಜಯದ ನಡುವೆ ಕಿನ್ನರ ಮಿಥುನವೊಂದನ್ನು ಬೆನ್ನಟ್ಟಿ ಅಚ್ಛೋದ ಸರೋವರವನ್ನು ಸೇರಿದನು. ಮಹಾಶ್ವೇತೆಯನ್ನೂ ಕಾದಂಬರಿಯನ್ನೂ ಕಂಡನು. ಅಷ್ಟು ದೀರ್ಘವಾದ ಉಪದೇಶದಲ್ಲಿ ಆ ಸರೋವರದ ಸುಳಿವೇ ಇರಲಿಲ್ಲ. ಉಪದೇಶಿಸಿದ ಶುಕನಾಸನ ಸ್ವಂತ ಮಗ ವೈಶಂಪಾಯನನು ಅದೇ ತೀರದಲ್ಲಿ ಶಾಪಕ್ಕೆ ಸಿಕ್ಕಿ ಗಿಳಿಯಾದನು. ಬಾಣನು ಮಂತ್ರಿಯನ್ನು ಗೇಲಿ ಮಾಡಿಲ್ಲ, ಉಪದೇಶವು ನಿಜವಾದುದೇ. ಬಾಳು ಬೇರೆ ಬಾಗಿಲಿನಿಂದ ಒಳಕ್ಕೆ ಬಂದಿತು, ಅಷ್ಟೆ.

ಕಪ್ಪುಸನ ವಿಷಯದಲ್ಲಿಯೂ ಹಾಗೆಯೇ ಆಯಿತು. ವೃತ್ತಿಯ ಪ್ರಶ್ನೆಯನ್ನು ಕುರಿತು ರಿಲ್ಕೆಯು ಬಿಡಿಸಿ ಬರೆದದ್ದು ೧೯೦೩ನೆಯ ಡಿಸೆಂಬರ್ ೨೩ರಂದು ರೋಮಿನಿಂದ ಬರೆದ ಆರನೆಯ ಪತ್ರದಲ್ಲಿ. ಸೈನ್ಯದ ಕೆಲಸದ ಬಗ್ಗೆ ತರುಣನು ಹೇಳಿಕೊಂಡ ದುಃಖವನ್ನು ತಾನು ಮೊದಲೇ ನಿರೀಕ್ಷಿಸಿದ್ದೆನೆಂದೂ, ಅದನ್ನು ನಿವಾರಿಸಲಾರೆನೆಂದೂ, ಆದರೆ ಎಲ್ಲ ವೃತ್ತಿಗಳೂ ಹೀಗೆಯೇ ವ್ಯಕ್ತಿಗೆ ಪ್ರತಿಕೂಲವಾದ ಒತ್ತಾಯಗಳಿಂದ ತುಂಬಿಲ್ಲವೇ ವಿಚಾರಿಸಬೇಕೆಂದೂ ಅಲ್ಲಿ ಬರೆದಿದ್ದಾನೆ. ಬಿಡು ಎಂದು ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಸೈನಿಕ ಶಿಕ್ಷಣದಿಂದ ತಾನು ತಪ್ಪಿಸಿಕೊಂಡು ಬಂದವನು ಹೀಗೆ ಬರೆದುದನ್ನು ಕಂಡು ಕೆಲವು ವಾಚಕರಿಗೆ ಕೋಪ ಬರಬಹುದು. ಆದರೆ ತಪ್ಪಿಸಿಕೊಂಡವನಿಗೇ ಹೊರಗಿನ ಬಯಲಿನಲ್ಲಿ ಬೀಸುವ ಗಾಳಿಯ ಚಳಿಯೂ ಗೊತ್ತಿರುತ್ತದೆ. ಆ ಹೊತ್ತಿಗೆ ರಿಲ್ಕೆಗೆ ಮದುವೆಯಾಗಿ ಎರಡು ವರುಷ ಕಳೆದಿತ್ತು. ಶಿಲ್ಪಿಯಾದ ಹೆಂಡತಿ ಕ್ಲಾರಾಳೊಡನೆ ಮನೆ ಹೂಡಿ ನಿಲ್ಲಲಾರದೆ ಆ ಮನೆಯನ್ನು ಮುರಿದಾಗಿತ್ತು. ೧೯೦೧ರ ಡಿಸೆಂಬರಿನಲ್ಲಿ ಹುಟ್ಟಿದ ಮಗಳು ರೂತ್ ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದಳು. ಏಳನೆಯ ಪತ್ರದಲ್ಲಿ ಪ್ರೇಮವನ್ನು ಕುರಿತು, ಎರಡು ಏಕಾಂತಗಳು ಒಂದನ್ನೊಂದು ಕಾಪಾಡಿ ವಂದಿಸುವುದೇ ಪ್ರೇಮವೆಂಬ ಅರ್ಥದಲ್ಲಿ ಬರೆದ ಮಾತುಗಳನ್ನು ಓದುವಾಗ ಆ ಮಗುವನ್ನು ನೆನೆಯದಿರುವುದು ಕಷ್ಟ. ಮಾತು ಸುಂದರವಾದುದು, ಅದರ ಬೆಲೆಯ ಒಂದು ಪಾಲನ್ನು ತೆತ್ತವಳು ಪುಟ್ಟ ಹುಡುಗಿ.

ಒಂಬತ್ತನೆಯ ಪತ್ರವು ಚಿಕ್ಕದು. ಸ್ವೀಡನ್ನಿನಿಂದ ೧೯೦೪ರ ನವೆಂಬರಿನಲ್ಲಿ ಬರೆದದ್ದು. ಅಲ್ಲಿಂದ ಹತ್ತನೆಯ ಪತ್ರದವರೆಗೆ ನಾಲ್ಕು ವರುಷಗಳ ಅಂತರವಿದೆ. ೧೯೦೮ನೆಯ ಡಿಸೆಂಬರ್ ೨೬ರಂದು ಪ್ಯಾರಿಸಿನಿಂದ ಬರೆದ ಈ ಕೊನೆಯ ಪತ್ರವನ್ನು ಭಕ್ತರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಗ್ರಂಥದಲ್ಲಿ ನಿಜವಾದ ಸಲಹೆಯೆಂಬುದು ಇದ್ದರೆ ಅದು ಇಲ್ಲಿಯೇ ಇದೆ. ಕಪ್ಪುಸನು ಅಷ್ಟರಲ್ಲಿ ಅಧಿಕಾರಿಯಾಗಿ ದೂರದ ಒಂಟಿ ಠಾಣೆಯೊಂದರಲ್ಲಿ ಇದ್ದನು. ಪದವಿ, ಸಮವಸ್ತ್ರ, ಸೇವೆ ಇವುಗಳುಳ್ಳ, ಹೆಸರಿಟ್ಟು ಹೇಳಬಹುದಾದ ಸ್ಥಿರವಾದ ಬಾಳು ಅವನಿಗೆ ದೊರೆತುದಕ್ಕೆ ರಿಲ್ಕೆಯು ಸಂತೋಷಪಡುತ್ತಾನೆ. ಕಲೆಯೆಂಬುದೂ ಬಾಳುವ ಒಂದು ರೀತಿಯಷ್ಟೇ; ಕಲೆಗೆ ಹತ್ತಿರವಿರುವಂತೆ ನಟಿಸುವ ಅರೆಕಲೆಯ ವೃತ್ತಿಗಳಿಗಿಂತ ಯಾವ ನಿಜವಾದ ಕೆಲಸವಾದರೂ ಅದಕ್ಕೆ ಹೆಚ್ಚು ಸಮೀಪ ಎನ್ನುತ್ತಾನೆ. ಆ ಅರೆಕಲೆಗಳ ಪಟ್ಟಿಯಲ್ಲಿ ಅವನು ಸೇರಿಸಿರುವುದು ಪತ್ರಿಕೋದ್ಯೋಗವನ್ನು, ಹೆಚ್ಚುಕಡಿಮೆ ಎಲ್ಲ ವಿಮರ್ಶೆಯನ್ನು, ಸಾಹಿತ್ಯವೆಂದು ಕರೆಸಿಕೊಳ್ಳುವುದರಲ್ಲಿ ಮುಕ್ಕಾಲು ಭಾಗವನ್ನು. (ಮಾಸಪತ್ರಿಕೆಗಳಲ್ಲಿ ವಿಮರ್ಶೆ ಬರೆಯುವವರು ಈ ಭಾಗವನ್ನು ಉದ್ಧರಿಸದಿರುವುದಕ್ಕೆ ಕಾರಣವನ್ನು ಹುಡುಕಬೇಕಾಗಿಲ್ಲ.)

ಆರು ವರುಷಗಳ ಹಿಂದಿನ ತಕ್ಕಡಿಯನ್ನು ರಿಲ್ಕೆಯು ಸದ್ದಿಲ್ಲದೆ ಕೆಳಗಿಟ್ಟಿರುವುದು ಇಲ್ಲಿ ಕಾಣುತ್ತದೆ. 'ಬರೆಯದಿದ್ದರೆ ಸತ್ತೇನೇ' ಎಂಬ ಪ್ರಶ್ನೆಯಿಲ್ಲ. ಠಾಣೆಯ ಪಹರೆಯನ್ನು ಸರಿಯಾಗಿ ಮಾಡುವುದರಲ್ಲಿಯೇ ಎಚ್ಚರವೂ ಸ್ವಾತಂತ್ರ್ಯವೂ ಉಂಟೆಂಬ ಮಾತಿದೆ. ಈ ಮಾತನ್ನು ಮೊದಲೇ ಹೇಳಿದ್ದರೆ ಅದು ಕಪ್ಪುಸನಿಗೆ ಹಿಡಿಸುತ್ತಿರಲಿಲ್ಲವೆಂಬುದು ಬೇರೆ. ಬದುಕಿನ ಕಡೆಯ ತನಕ ಆಶ್ರಯದಾತರ ಔದಾರ್ಯದಿಂದ ಕೋಟೆಗಳಲ್ಲಿ, ಗೋಪುರಗಳಲ್ಲಿ ಇದ್ದ ರಿಲ್ಕೆಯು ಹೀಗೆ ಹೇಳಿದುದರಲ್ಲಿ ಸ್ವಲ್ಪ ಅಸೂಯೆಯೂ ಬೆರೆತಿದ್ದೀತು. ಮಹಾಯುದ್ಧದ ಕಾಲದಲ್ಲಿ, ೧೯೧೬ನೆಯ ಜನವರಿಯಲ್ಲಿ, ಅವನಿಗೂ ವಿಯೆನ್ನಾದಲ್ಲಿ ಸಮವಸ್ತ್ರವನ್ನು ತೊಡಿಸಿದರು. ಆರು ತಿಂಗಳೊಳಗೆ, ಸ್ನೇಹಿತರ ಪ್ರಯತ್ನದಿಂದ, ಅದನ್ನು ಕಳಚಿ ಹೊರಬಂದನು.

ಕಪ್ಪುಸನಾದರೋ ಯುದ್ಧವನ್ನು ಕಂಡು, ಸೈನ್ಯವನ್ನು ಬಿಟ್ಟು, ಪತ್ರಿಕೆಗಳ ಸಂಪಾದಕನೂ ಜನಪ್ರಿಯ ಕಾದಂಬರಿಗಳ ಕರ್ತನೂ ಆದನು! ಕೊನೆಯ ಪತ್ರವು ಹೆಸರಿಟ್ಟು ಎಚ್ಚರಿಸಿದ ಸ್ಥಳಕ್ಕೇ ಹೋಗಿ ಸೇರಿದನು. ಕವಿಯು ತನ್ನನ್ನು ಯಾವ ಪ್ರದೇಶಗಳಿಂದ ದೂರವಿಡಲು ಬಯಸಿದ್ದನೋ ಅದೇ ಪ್ರದೇಶಗಳಿಗೆ ಬಾಳು ತನ್ನನ್ನು ಅಟ್ಟಿತೆಂದು ೧೯೨೯ರ ಮುನ್ನುಡಿಯಲ್ಲಿ ಅವನು ನೇರವಾಗಿ ತಿಳಿಸುತ್ತಾನೆ. ಅದರಲ್ಲಿ ಪಶ್ಚಾತ್ತಾಪದ ಅಳುವಿಲ್ಲ, ಸಮರ್ಥನೆಯೂ ಇಲ್ಲ. ಇಷ್ಟರಿಂದ ಸಲಹೆಯು ವ್ಯರ್ಥವಾಯಿತೆಂದು ಹೇಳಬಹುದೇ? ಹಿತವಚನವನ್ನು ಔಷಧದಂತೆ ಎಣಿಸಿ, ರೋಗವು ಹೋಯಿತೇ ಎಂದು ಕೇಳುವವರಿಗೆ ಮಾತ್ರ ಅದು ವ್ಯರ್ಥ. ಇಪ್ಪತ್ತಕ್ಕೂ ಹೆಚ್ಚು ವರುಷಗಳ ಕಾಲ, ಯುದ್ಧದ ಗಲಭೆಯಲ್ಲಿಯೂ ಊರಿಂದೂರಿಗೆ ತಿರುಗುವ ಬದುಕಿನಲ್ಲಿಯೂ, ಅವನು ಆ ಹತ್ತು ಪತ್ರಗಳನ್ನು ಕಳೆಯದೆ ಕಾಪಾಡಿದನು. ೧೯೨೬ರ ಡಿಸೆಂಬರಿನಲ್ಲಿ ರಿಲ್ಕೆಯು ತೀರಿಕೊಂಡ ಮೇಲೆಯೇ ಅಚ್ಚು ಹಾಕಿಸಿದನು. ತನಗೆ ಒದಗದ ಮಾತು ಇನ್ನೊಬ್ಬ ತರುಣನಿಗೆ ಒದಗೀತೆಂದು ಬಗೆದು ಮುಂದಕ್ಕೆ ದಾಟಿಸಿದವನನ್ನು ಸೋತ ಶಿಷ್ಯನೆಂದು ಕರೆಯುವುದು ನ್ಯಾಯವಲ್ಲ.

ಅಚ್ಚು ಹಾಕಿಸುವಾಗ ಅವನು ಮಾಡಿದ ಒಂದು ಕೆಲಸವು ಗ್ರಂಥದ ಸ್ವರೂಪವನ್ನೇ ನಿರ್ಧರಿಸಿತು. ದೊಡ್ಡವನು ಮಾತನಾಡುವಲ್ಲಿ ಸಣ್ಣವರು ಸುಮ್ಮನಿರಬೇಕೆಂಬ ಭಾವದಿಂದ ತನ್ನ ಪತ್ರಗಳನ್ನೆಲ್ಲ ಹೊರಗಿಟ್ಟನು. ಅವನು ೧೯೬೬ರಲ್ಲಿ ತೀರಿಕೊಂಡನು. ಅವನ ಪತ್ರಗಳು ಮೊದಲ ಬಾರಿಗೆ ಬೆಳಕು ಕಂಡದ್ದು ೨೦೧೯ರಲ್ಲಿ. ತೊಂಬತ್ತು ವರುಷಗಳ ಕಾಲ ಜಗತ್ತು ಉತ್ತರಗಳನ್ನು ಮಾತ್ರ ಓದಿತು. ಪ್ರಶ್ನೆಗಳನ್ನು ಓದುವವರು ತಾವೇ ತುಂಬಿಕೊಂಡರು. ಆ ಉತ್ತರಗಳು ಅಷ್ಟೊಂದು ಮಂದಿಗೆ ತಮಗಾಗಿಯೇ ಬರೆದವುಗಳಾಗಿ ತೋರಿದುದಕ್ಕೆ ಈ ಮೌನವೂ ಒಂದು ಕಾರಣವಾಗಿರಬೇಕು. ಕೇಳಿದವನ ಮುಖವು ಕಾಣದಿದ್ದರಿಂದ ಆ ಸ್ಥಳದಲ್ಲಿ ಯಾರು ಬೇಕಾದರೂ ಕುಳಿತುಕೊಳ್ಳಬಹುದಾಗಿತ್ತು.

ಆದರೂ ೧೯೨೯ರ ಗ್ರಂಥದಲ್ಲಿ, ಮುನ್ನುಡಿಯನ್ನು ಬಿಟ್ಟರೆ, ಕಪ್ಪುಸನ ಒಂದೇ ಒಂದು ಬರಹವು ಉಳಿದಿದೆ. ಅದು ಹದಿನಾಲ್ಕು ಸಾಲಿನ ಒಂದು ಸಾನೆಟ್. ೧೯೦೪ನೆಯ ಮೇ ೧೪ರ ಏಳನೆಯ ಪತ್ರದೊಡನೆ ರಿಲ್ಕೆಯು ಅದನ್ನು ತನ್ನ ಕೈಯಿಂದಲೇ ನಕಲು ಮಾಡಿ ಹಿಂದಕ್ಕೆ ಕಳುಹಿಸಿದ್ದನು. ತನ್ನ ಪದ್ಯವನ್ನು ಬೇರೊಬ್ಬರ ಅಕ್ಷರದಲ್ಲಿ ಕಂಡಾಗ ಅದು ಹೊಸದಾಗಿ ಕಾಣುವುದೆಂದೂ, ಹಿಂದೆಂದೂ ನೋಡದ ಪದ್ಯವೆಂಬಂತೆ ಓದಿದರೆ ಅದು ಎಷ್ಟರ ಮಟ್ಟಿಗೆ ತನ್ನದೆಂಬುದು ಒಳಗೇ ತಿಳಿಯುವುದೆಂದೂ ಹೇಳಿದನು. ಆ ಪದ್ಯದ ಗುಣದೋಷಗಳನ್ನು ಕುರಿತು ಅವನು ಹೆಚ್ಚೇನೂ ಬರೆಯಲಿಲ್ಲ. ಹತ್ತು ಪತ್ರಗಳಲ್ಲಿ ಉಪದೇಶವಲ್ಲದ ಕೆಲಸವೆಂದರೆ ಇದೊಂದೇ: ತನ್ನ ಸಮಯದಲ್ಲಿ ಅರ್ಧ ಗಂಟೆಯನ್ನು ತೆಗೆದು, ಪರಿಚಯವಿಲ್ಲದ ಹುಡುಗನ ಪದ್ಯವನ್ನು ಸಾಲುಸಾಲಾಗಿ ಬರೆದದ್ದು. ಅಚ್ಚಿಗೆ ಕೊಡುವಾಗ ಉಳಿದೆಲ್ಲ ಬರಹಗಳನ್ನು ಹಿಂದಕ್ಕೆ ಸರಿಸಿದ ಕಪ್ಪುಸನು ಇದನ್ನು ಮಾತ್ರ ಸರಿಸಲಿಲ್ಲ.